ಸ್ಟೆರಾಯ್ಡ್ 15ರಿಂದ 5ಕ್ಕೆ: ಬಳ್ಳಾರಿಯ ಶನಿವಾರದ ಕಿಡ್ನಿ ಕ್ಲಿನಿಕ್ ಬಗ್ಗೆ

ನನ್ನ ಅಳತೆ ಪುಸ್ತಕದಲ್ಲಿ ಗಿರಾಕಿಗಳ ನಡುವೆ ನನ್ನದೂ ಒಂದು ಹಾಳೆ ಇದೆ. 2021ರ ನವೆಂಬರ್, ಸೊಂಟ 31. 2022ರ ಆಗಸ್ಟ್, 36. 2023ರ ಡಿಸೆಂಬರ್, 38. ಈಗ 34. ಕಾಯಿಲೆಯ ಲೆಕ್ಕ ಇಡಬೇಕು ಅಂತ ಬರೆದದ್ದಲ್ಲ. ಪ್ಯಾಂಟು ಬಿಗಿಯಾದಾಗಲೆಲ್ಲ ಟೇಪು ಹಿಡಿದು ನೋಡುವುದು ಟೈಲರ್ ಕೈಗೆ ಬಂದ ಅಭ್ಯಾಸ. ಆದರೆ ನನ್ನ ಮೂರು ವರ್ಷದ ಸ್ಟೆರಾಯ್ಡ್ ಕಥೆ ಆ ಒಂದು ಹಾಳೆಯಲ್ಲಿ ಪೂರ್ತಿ ಇದೆ.

ನಾನು ಬಳ್ಳಾರಿ ಕೌಲ್ ಬಜಾರಿನವನು. ಏಳು ಮಷೀನಿನ ಸಣ್ಣ ಜೀನ್ಸ್ ಯೂನಿಟ್ ಇದೆ. 2021ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನನಗೆ ಕಿಡ್ನಿ ಕಸಿ ಆಯಿತು. ಕಿಡ್ನಿ ಕೊಟ್ಟವಳು ನಮ್ಮಕ್ಕ. ಈಗ ಬರೆಯುತ್ತಿರುವುದು ಬಳ್ಳಾರಿಯಲ್ಲಿ ಶನಿವಾರ ಮಾತ್ರ ನಡೆಯುವ ಒಂದು ಕಿಡ್ನಿ ಕ್ಲಿನಿಕ್ ಬಗ್ಗೆ. ಬೆಂಗಳೂರಿನಿಂದ ಒಬ್ಬ ಮೇಡಂ ಬಂದು ನೋಡಿ ಹೋಗುತ್ತಾರೆ. ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ನಮ್ಮ ಕಡೆಯ ಡಯಾಲಿಸಿಸ್ ಕೇಂದ್ರಗಳಲ್ಲಿ ಕೇಳಿದರೆ ಯಾರಾದರೂ ಹೇಳುತ್ತಾರೆ. ಹೆಸರಿಗಿಂತ ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದು ಮುಖ್ಯ. ಕಸಿ ಆದ ಯಾರಿಗಾದರೂ ತಮ್ಮ ಕ್ಲಿನಿಕ್ಕಿನಲ್ಲಿ ಏನು ಕೇಳಬೇಕು ಎಂಬುದು ಇದರಿಂದ ಗೊತ್ತಾಗಬಹುದು.

ಮೊದಲು ನನ್ನ ಸ್ಥಿತಿ ಹೇಳಬೇಕು.

ಕಸಿ ಆದವರಿಗೆ ಸಾಮಾನ್ಯವಾಗಿ ಮೂರು ಔಷಧಿ ಇರುತ್ತವೆ. ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಮತ್ತೆ ಪ್ರೆಡ್ನಿಸೊಲೋನ್. ಮೂರನೆಯದೇ ಸ್ಟೆರಾಯ್ಡ್. ನಮ್ಮ ದೇಹ ಬೇರೆಯವರ ಕಿಡ್ನಿಯನ್ನು ಹೊರಗಿನದು ಎಂದು ಗುರುತು ಹಿಡಿದು ಅದರ ಮೇಲೆ ಬೀಳುತ್ತದೆ. ಅದನ್ನು ತಡೆಯಲು ಈ ಮೂರೂ ಬೇಕು. ಶುರುವಿನಲ್ಲಿ ಸ್ಟೆರಾಯ್ಡ್ ಜಾಸ್ತಿ ಇರುತ್ತದೆ, ಆಮೇಲೆ ತಿಂಗಳು ತಿಂಗಳು ಇಳಿಸುತ್ತಾ ಬರುತ್ತಾರೆ. ನನಗೂ ಹಾಗೇ ಇಳಿಸುತ್ತಿದ್ದರು. ಆದರೆ ನಾಲ್ಕನೇ ತಿಂಗಳು ರಕ್ತದ ಕ್ರಿಯಾಟಿನಿನ್ ಏರಿತು, ಅದು ಏರಿದರೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದರ್ಥ. ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಬಯಾಪ್ಸಿ ಮಾಡಿದರು, ರಿಜೆಕ್ಷನ್, ಅಂದರೆ ದೇಹ ಆ ಕಿಡ್ನಿಯ ಮೇಲೆ ಬಿದ್ದಿದೆ ಎಂದು ಬಂತು. ಮೂರು ದಿನ ರಕ್ತನಾಳಕ್ಕೆ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿದರು. ಕಿಡ್ನಿ ಉಳಿಯಿತು. ಸ್ಟೆರಾಯ್ಡನ್ನು ನಾನು ಎಷ್ಟು ಬೈದುಕೊಂಡರೂ ಆ ಮೂರು ದಿನ ನನ್ನ ಅಕ್ಕನ ಕಿಡ್ನಿ ಉಳಿಸಿದ್ದು ಅದೇ. ಈ ಮಾತನ್ನು ಮರೆತು ನಾನು ಮುಂದಿನದನ್ನು ಬರೆಯಲಾರೆ.

ಆಮೇಲೆ 20 ಮಿಲಿಗ್ರಾಮಿನಿಂದ 15ಕ್ಕೆ ಬಂದೆ. ಅಲ್ಲಿಗೇ ನಿಂತೆ. ಒಂದೂವರೆ ವರ್ಷ.

ಯಾಕೆ ನಿಂತೆ ಅಂದರೆ, ಬೆಂಗಳೂರಿಗೆ ಹೋಗುವುದು ಕಡಿಮೆಯಾಯಿತು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕು, ಬೆಳಗ್ಗೆ ಇಳಿದು ಆಸ್ಪತ್ರೆ ಸಾಲಿನಲ್ಲಿ ನಿಲ್ಲಬೇಕು, ಮತ್ತೆ ರಾತ್ರಿ ರೈಲು. ಎರಡು ದಿನದ ದುಡಿಮೆ ಹೋಗುತ್ತದೆ. ಜೊತೆಗೆ ಹೆಂಡತಿಯೂ ಬರಬೇಕು. ಆರ್ಡರ್ ಇರುವ ಸೀಸನ್ನಿನಲ್ಲಿ ಯೂನಿಟ್ ಮುಚ್ಚಿದರೆ ಕೆಲಸದವರು ಬೇರೆ ಕಡೆ ಹೋಗಿಬಿಡುತ್ತಾರೆ. ಹಾಗಾಗಿ ಇಲ್ಲೇ ಒಂದು ಕಡೆ ತೋರಿಸಲು ಶುರು ಮಾಡಿದೆ. ಅಲ್ಲಿ ಕ್ರಿಯಾಟಿನಿನ್ ನೋಡುತ್ತಿದ್ದರು, 1.3 ಇದೆ, ಚೆನ್ನಾಗಿದೆ, ಅದೇ ಮಾತ್ರೆ ಮುಂದುವರಿಸಿ ಎನ್ನುತ್ತಿದ್ದರು. ಹಳೇ ಚೀಟಿ ನೋಡಿ ಹೊಸ ಚೀಟಿಗೆ ಇಳಿಸುತ್ತಿದ್ದರು. ಸ್ಟೆರಾಯ್ಡ್ 15 ಎಂದು ಪ್ರತಿ ಸಲ ಹಾಗೇ ಬರುತ್ತಿತ್ತು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಅದು ನನಗೂ ಗೊತ್ತು. ಆದರೆ ಇಳಿಸುವುದು ಯಾರ ಕೆಲಸ ಎಂದು ಯಾರೂ ಕೇಳಿಕೊಳ್ಳಲಿಲ್ಲ. ನಾನೂ ಕೇಳಲಿಲ್ಲ. ಮೂರು ಔಷಧಿಗಳಲ್ಲಿ ಅದೇ ಅಗ್ಗ. ಟ್ಯಾಕ್ರೊಲಿಮಸ್ ಬಿಲ್ಲು ನೋಡಿದಾಗ ಎದೆ ಹೊಡೆದುಕೊಳ್ಳುತ್ತದೆ. ಸ್ಟೆರಾಯ್ಡ್ ಪಟ್ಟಿಯ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಅದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ ಅನ್ನಿಸುತ್ತದೆ.

ಆ ಒಂದೂವರೆ ವರ್ಷದಲ್ಲಿ ಏನೇನಾಯಿತು? ಮುಖ ಗುಂಡಗಾಯಿತು. ಕುತ್ತಿಗೆ ಹಿಂದೆ ಮಾಂಸ ಕೂತಿತು. ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಮುಂದೆ ಬಂತು. ರಾತ್ರಿ ಎರಡು ಗಂಟೆಗೆ ಎದ್ದು ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆ. ಹಸಿವು ಅಂದರೆ ಸಾಮಾನ್ಯ ಹಸಿವಲ್ಲ, ಯಾರೋ ಒಳಗಿಂದ ಎಳೆದಂತೆ. ನಿದ್ದೆ ಬರುತ್ತಿರಲಿಲ್ಲ. ಮಕ್ಕಳ ಮೇಲೆ ಸುಮ್ ಸುಮ್ನೆ ರೇಗುತ್ತಿದ್ದೆ. ಕೈ ಮೇಲಿನ ಚರ್ಮ ತೆಳುವಾಯಿತು. ಮಷೀನ್ ಟೇಬಲ್ಲಿನ ಮೂಲೆ ತಗುಲಿದರೂ ನೀಲಿಗಟ್ಟುತ್ತಿತ್ತು. ಎಲ್ಲಕ್ಕಿಂತ ಹೆದರಿಕೆಯಾದದ್ದು ಕಣ್ಣು. ನಮ್ಮ ಕೆಲಸದಲ್ಲಿ ಕಡು ನೀಲಿ ಬಟ್ಟೆ ಮೇಲೆ ಕಪ್ಪು ದಾರ ಓಡಿಸಬೇಕು. ಮಷೀನಿನ ಸಣ್ಣ ಬಲ್ಬು ಹಚ್ಚಿದರೆ ಎಡಗಣ್ಣಿಗೆ ಬೆಳಕು ಚೆದುರಿದ ಹಾಗೆ, ಹೊಲಿಗೆ ಸಾಲು ಮಾಯವಾದ ಹಾಗೆ ಆಗುತ್ತಿತ್ತು. ವಯಸ್ಸಿನ ಚಾಳೀಸು ಎಂದುಕೊಂಡೆ. ನನಗಿನ್ನೂ ಆಗ 41.

2023ರ ಮೇ ತಿಂಗಳಲ್ಲಿ ಸಿಂಧನೂರಿನಲ್ಲಿ ಒಂದು ಮದುವೆ. ಅಲ್ಲಿ ನಮ್ಮ ಸೋದರತ್ತೆ ನನ್ನನ್ನು ನೋಡಿ, ಗುರುತು ಸಿಗದೆ, ನನ್ನ ಹೆಂಡತಿಯನ್ನು "ನಿನ್ನ ಗಂಡ ಬರ್ಲಿಲ್ಲೇನವಾ?" ಎಂದು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮನೆಗೆ ಬಂದು ಮಾರನೇ ದಿನದಿಂದ ಸ್ಟೆರಾಯ್ಡ್ ನುಂಗುವುದು ಬಿಟ್ಟೆ. ಯಾರಿಗೂ ಹೇಳಲಿಲ್ಲ.

ಮೂರನೇ ದಿನ ಮೈಕೈ ನೋವು. ನಾಲ್ಕನೇ ದಿನ ವಾಂತಿ, ತಲೆಸುತ್ತು. ಬಳ್ಳಾರಿ ಬಿಸಿಲಿಗೆ ಹೀಗಾಗಿದೆ ಎಂದು ಮಜ್ಜಿಗೆ ಕುಡಿಸಿದರು. ಐದನೇ ದಿನ ಬಚ್ಚಲಿನಲ್ಲಿ ಬಿದ್ದೆ. ಆಸ್ಪತ್ರೆಗೆ ಒಯ್ದಾಗ ಬಿಪಿ 80ಕ್ಕೆ 50. ಹೆಂಡತಿ ಮಾತ್ರೆ ಡಬ್ಬಿ ತೆಗೆದುಕೊಂಡು ಬಂದಿದ್ದಳು. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರ್ ಪಟ್ಟಿಯಲ್ಲಿ ಮಾತ್ರೆ ಹಾಗೇ ಉಳಿದಿದ್ದು ನೋಡಿ, "ಇದನ್ನು ನಿಲ್ಲಿಸಿದ್ದೀರಾ?" ಎಂದು ಕೇಳಿದರು. ಸಲೈನ್ ಜೊತೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟ ಮೇಲೆ ಸಂಜೆಯ ಹೊತ್ತಿಗೆ ಎದ್ದು ಕೂತೆ. ಅಕ್ಕ ಹೊಸಪೇಟೆಯಿಂದ ಓಡಿ ಬಂದಳು. ಬೈಯಲಿಲ್ಲ. ನನ್ನ ಹೊಟ್ಟೆ ಮೇಲೆ ಕೈ ಇಟ್ಟು, "ನಾ ಕೊಟ್ಟದ್ದು ಇಲ್ಲೈತಿ. ಮುಖ ನೋಡ್ಕಂತ ಇದನ್ನ ಕಳೀಬ್ಯಾಡ ತಮ್ಮಾ" ಎಂದಳು. ಅಷ್ಟೇ.

ಹೀಗೆ ಎರಡು ಕಡೆಯೂ ಹೆದರಿದವನು 2024ರ ಜನವರಿಯಲ್ಲಿ ಈ ಶನಿವಾರದ ಕ್ಲಿನಿಕ್ಕಿಗೆ ಹೋದೆ. ಮಾತ್ರೆ ನುಂಗಲೂ ಭಯ, ಬಿಡಲೂ ಭಯ.

ಮೊದಲ ಭೇಟಿ ನಲವತ್ತು ನಿಮಿಷ ಆಯಿತು. ಫೀಸು 600 ರೂಪಾಯಿ. ಮೇಡಂ ಹಳೇ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡರು. 15 ಎಂಬಲ್ಲಿ ಪ್ರತಿ ಚೀಟಿಯಲ್ಲೂ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಾ ಹೋದರು. ಆಮೇಲೆ ನನ್ನ ಅಳತೆ ಪುಸ್ತಕದ ವಿಷಯ ಹೇಳಿದೆ. "ತಂದಿದ್ದೀರಾ?" ಎಂದರು. ಮನೆಯಿಂದ ಮಗಳ ಹತ್ತಿರ ಫೋಟೊ ತರಿಸಿ ತೋರಿಸಿದೆ. ಅದನ್ನು ಅವರು ತಮ್ಮ ಫೈಲಿನಲ್ಲಿ ಬರೆದುಕೊಂಡರು. ನನ್ನ ಟೇಪಿನ ಲೆಕ್ಕವನ್ನು ಒಬ್ಬ ಡಾಕ್ಟರ್ ಫೈಲಿಗೆ ಇಳಿಸಿದ್ದು ಅದೇ ಮೊದಲು. ಆ ದಿನವೇ ನಂಬಿಕೆ ಬಂತು.

ಎರಡನೇ ವಿಷಯ ಶುಗರ್. ಅಲ್ಲಿಯ ತನಕ ನನಗೆ ಖಾಲಿ ಹೊಟ್ಟೆಯ ಶುಗರ್ ಮಾತ್ರ ನೋಡುತ್ತಿದ್ದರು. 108, 110 ಹೀಗೆ ಬರುತ್ತಿತ್ತು, ಶುಗರ್ ಇಲ್ಲ ಎಂದು ಖುಷಿಯಾಗಿದ್ದೆ. ಮೇಡಂ ಮಧ್ಯಾಹ್ನ ಊಟ ಆಗಿ ಎರಡು ಗಂಟೆ ಬಿಟ್ಟು ನೋಡಿಸಿ ಎಂದರು. 268 ಬಂತು. ಬೆಳಗ್ಗೆ ನುಂಗಿದ ಸ್ಟೆರಾಯ್ಡ್ ಮಧ್ಯಾಹ್ನ, ಸಂಜೆ ಹೊತ್ತಿಗೆ ಶುಗರ್ ಏರಿಸುತ್ತದೆ, ರಾತ್ರಿ ಕಳೆದು ಬೆಳಗ್ಗೆ ಆಗುವಷ್ಟರಲ್ಲಿ ಇಳಿದಿರುತ್ತದೆ, ಅದಕ್ಕೇ ಬೆಳಗಿನ ಟೆಸ್ಟಿನಲ್ಲಿ ಸಿಕ್ಕಿಬೀಳುವುದಿಲ್ಲ ಎಂದು ವಿವರಿಸಿದರು. ಸ್ಟೆರಾಯ್ಡ್ ತೆಗೆದುಕೊಳ್ಳುವ ಎಲ್ಲರೂ ಇದನ್ನು ತಿಳಿದಿರಬೇಕು. ದಯವಿಟ್ಟು ಊಟದ ನಂತರದ್ದನ್ನೂ ಒಮ್ಮೆ ನೋಡಿಸಿ.

ಅವತ್ತೇ ನಾನು ಕೇಳಿದೆ. "ಮೇಡಂ, ಇದನ್ನು ಪೂರ್ತಿ ನಿಲ್ಲಿಸೋಕೆ ಆಗಲ್ವಾ? ಬೆಂಗಳೂರಲ್ಲಿ ನನ್ನ ಪಕ್ಕದ ಬೆಡ್ಡಿನವರಿಗೆ ವಾರಕ್ಕೇ ನಿಲ್ಲಿಸಿದ್ರಲ್ಲ?"

ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರಕ್ಕಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಸುಮ್ನೆ ಆಗಲ್ಲ ಎಂದು ಹೇಳಿ ಕಳಿಸಬಹುದಿತ್ತು. ಅವರು ಚೀಟಿಯ ಹಿಂಬದಿ ತಿರುಗಿಸಿ ಬರೆದು ತೋರಿಸಿದರು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ.

ಮೊದಲು ಹಳೇ ಕಥೆ ಹೇಳಿದರು. 1954ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಎಂಬ ಡಾಕ್ಟರ್ ಮಾಡಿದ ಕಿಡ್ನಿ ಕಸಿ ಗೆದ್ದದ್ದು ಅಣ್ಣತಮ್ಮಂದಿರು ತದ್ರೂಪಿ ಅವಳಿಗಳಾಗಿದ್ದರಿಂದ. ಅವರ ದೇಹಕ್ಕೆ ಅದು ಹೊರಗಿನ ಕಿಡ್ನಿ ಅನ್ನಿಸಲೇ ಇಲ್ಲ. ಬೇರೆಯವರ ಕಿಡ್ನಿ ಹಾಕಿದರೆ ನಿಲ್ಲುವುದು ಕಷ್ಟವಿತ್ತು. 1960ರ ದಶಕದ ಶುರುವಿನಲ್ಲಿ ಡೆನ್ವರಿನ ಥಾಮಸ್ ಸ್ಟಾರ್ಜಲ್ ಮತ್ತು ಅವರ ಜೊತೆಯವರು ಅಜಾಥಯೋಪ್ರಿನ್ ಎಂಬ ರಿಜೆಕ್ಷನ್ ತಡೆಯುವ ಔಷಧಿ ಜೊತೆ ಸ್ಟೆರಾಯ್ಡ್ ಸೇರಿಸಿ ಕೊಟ್ಟ ಮೇಲೆ ಬೇರೆಯವರ ಕಿಡ್ನಿಗಳೂ ಉಳಿಯತೊಡಗಿದವು. ಅಲ್ಲಿಂದ ಸ್ಟೆರಾಯ್ಡ್ ಕಸಿಯ ಜೊತೆ ಅಂಟಿಕೊಂಡೇ ಬಂತು. ಆಮೇಲೆ 1980ರ ದಶಕದಲ್ಲಿ ಸೈಕ್ಲೊಸ್ಪೊರಿನ್, 90ರ ದಶಕದಲ್ಲಿ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಬಂದವು. ಟ್ಯಾಕ್ರೊಲಿಮಸ್ ಸಿಕ್ಕಿದ್ದು ಜಪಾನಿನ ಸುಕುಬಾ ಎಂಬ ಊರಿನ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಅಂತೆ. ನಾನು ದಿನಾ ಎರಡು ಹೊತ್ತು ನುಂಗುವ ಮಾತ್ರೆ ಯಾರದೋ ಊರ ಮಣ್ಣಿನಿಂದ ಬಂದದ್ದು ಎಂದು ಕೇಳಿ ತುಂಬ ಹೊತ್ತು ಅದನ್ನೇ ಯೋಚಿಸಿದೆ. ಇಂಥ ಬಲವಾದ ಔಷಧಿಗಳು ಬಂದ ಮೇಲೆ ಸ್ಟೆರಾಯ್ಡ್ ಕಡಿಮೆ ಮಾಡಬಹುದಾ ಎಂಬ ಪ್ರಶ್ನೆ ಎದ್ದಿತು.

ಆಮೇಲೆ ಲೆಕ್ಕ. ಅಮೆರಿಕದಲ್ಲಿ 386 ಜನರ ಮೇಲೆ ಐದು ವರ್ಷ ನಡೆದ ಒಂದು ಅಧ್ಯಯನ, 2008ರಲ್ಲಿ ಪ್ರಕಟವಾದದ್ದು. ಒಂದು ಗುಂಪಿಗೆ ಏಳು ದಿನಕ್ಕೇ ಸ್ಟೆರಾಯ್ಡ್ ನಿಲ್ಲಿಸಿದರು. ಇನ್ನೊಂದು ಗುಂಪಿಗೆ ನಿಧಾನಕ್ಕೆ ಇಳಿಸಿ ದಿನಕ್ಕೆ 5 ಮಿಲಿಗ್ರಾಮಿನಲ್ಲಿ ಇಟ್ಟರು. ಬಯಾಪ್ಸಿಯಲ್ಲಿ ಕಂಡ ರಿಜೆಕ್ಷನ್ ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 18, ಎರಡನೆಯದರಲ್ಲಿ ಸುಮಾರು 11. ಐದು ವರ್ಷ ಆದ ಮೇಲೆ ಸಾವು, ಕಿಡ್ನಿ ಕಳೆದುಕೊಳ್ಳುವುದು, ತೀವ್ರ ರಿಜೆಕ್ಷನ್ ಇವೆಲ್ಲ ಸೇರಿಸಿ ನೋಡಿದರೆ ಎರಡೂ ಗುಂಪಿಗೆ ದೊಡ್ಡ ವ್ಯತ್ಯಾಸ ಇರಲಿಲ್ಲ. ನಿಲ್ಲಿಸಿದವರಿಗೆ ತೂಕ ಏರಿದ್ದು ಕಡಿಮೆ. ಜರ್ಮನಿಯಲ್ಲಿ 615 ಜನರ ಮೇಲೆ ನಡೆದದ್ದು 2016ರಲ್ಲಿ ಬಂತು. ಅಲ್ಲಿ ಕಸಿಯ ಹೊತ್ತಿನಲ್ಲೇ ರಿಜೆಕ್ಷನ್ ತಡೆಯುವ ಒಂದು ಬಲವಾದ ಇಂಜೆಕ್ಷನ್ ಕೊಟ್ಟು, ಎಂಟನೇ ದಿನ ಸ್ಟೆರಾಯ್ಡ್ ನಿಲ್ಲಿಸಿದರು. ಒಂದು ವರ್ಷದಲ್ಲಿ ರಿಜೆಕ್ಷನ್ ಜಾಸ್ತಿ ಆಗಲಿಲ್ಲ. ಹೊಸದಾಗಿ ಸಕ್ಕರೆ ಕಾಯಿಲೆ ಬಂದವರು ಸ್ಟೆರಾಯ್ಡ್ ಮುಂದುವರಿಸಿದವರಲ್ಲಿ ನೂರಕ್ಕೆ 39, ನಿಲ್ಲಿಸಿದವರಲ್ಲಿ 23, 24.

ಇಷ್ಟು ಕೇಳಿ ನನಗೆ ಆಸೆ ಹುಟ್ಟಿತು. "ಹಾಗಾದ್ರೆ ನನಗೂ ನಿಲ್ಲಿಸಿ" ಎಂದೆ.

ಮೇಡಂ ಪೆನ್ನು ಕೆಳಗಿಟ್ಟರು. "ಇವರೆಲ್ಲ ಮೊದಲ ವಾರದಲ್ಲೇ ನಿಲ್ಲಿಸಿದವರು. ರಿಜೆಕ್ಷನ್ ಅಪಾಯ ಕಡಿಮೆ ಇರೋರನ್ನ ನೋಡಿ ಆರಿಸಿದವರು. ನೀವು ಎರಡು ವರ್ಷದಿಂದ ತಗೊಳ್ತಿದ್ದೀರಿ. ಒಂದು ಸಲ ರಿಜೆಕ್ಷನ್ ಆಗಿದೆ. ನಿಮ್ಮ ಲೆಕ್ಕ ಬೇರೆ." 2009ರಲ್ಲಿ ಬಂದ ಕೆಡಿಗೋ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದಂತೆ. ಅಪಾಯ ಕಡಿಮೆ ಇದ್ದು, ಶುರುವಿನಲ್ಲೇ ಬಲವಾದ ಇಂಜೆಕ್ಷನ್ ಸಿಕ್ಕವರಿಗೆ ಮೊದಲ ವಾರದಲ್ಲಿ ನಿಲ್ಲಿಸಬಹುದು. ಮೊದಲ ವಾರ ದಾಟಿ ತೆಗೆದುಕೊಳ್ಳುತ್ತಿರುವವರಿಗೆ ನಿಲ್ಲಿಸುವುದಕ್ಕಿಂತ ಮುಂದುವರಿಸುವುದೇ ಒಳ್ಳೆಯದು. "ನಿಮಗೆ ಸೊನ್ನೆ ಮಾಡಲ್ಲ. 15 ಇಟ್ಟುಕೊಳ್ಳೋ ಅಗತ್ಯವೂ ಇಲ್ಲ. 5ಕ್ಕೆ ತರೋಣ. ನಿಧಾನಕ್ಕೆ."

ಯಾಕೆ 5 ಎಂಬುದನ್ನೂ ಹೇಳಿದರು. ನಮ್ಮ ಕಿಡ್ನಿಗಳ ತಲೆ ಮೇಲೆ ಟೋಪಿ ಇಟ್ಟ ಹಾಗೆ ಎರಡು ಸಣ್ಣ ಗ್ರಂಥಿ ಇವೆ, ಅಡ್ರಿನಲ್. ಅವು ತಾವೇ ದಿನಾ ಒಂದಿಷ್ಟು ಸ್ಟೆರಾಯ್ಡ್ ಮಾಡುತ್ತವೆ. 5 ಮಿಲಿಗ್ರಾಂ ಹೆಚ್ಚುಕಡಿಮೆ ಅದಕ್ಕೆ ಸಮ. ಹೊರಗಿನಿಂದ ತಿಂಗಳುಗಟ್ಟಲೆ ಜಾಸ್ತಿ ಕೊಟ್ಟರೆ ಆ ಗ್ರಂಥಿಗಳು ಕೆಲಸ ನಿಲ್ಲಿಸಿ ಮಲಗಿಬಿಡುತ್ತವೆ. ಆಗ ಮಾತ್ರೆ ತಟ್ಟನೆ ಬಿಟ್ಟರೆ ದೇಹಕ್ಕೆ ಎರಡೂ ಕಡೆಯಿಂದ ಇಲ್ಲ. ನಾನು ಬಚ್ಚಲಲ್ಲಿ ಬಿದ್ದದ್ದು ಅದಕ್ಕೇ. ನನ್ನ ಹಳೇ ಕಿಡ್ನಿಗಳನ್ನು ತೆಗೆದಿಲ್ಲ, ಹೊಸದನ್ನು ಕೆಳಹೊಟ್ಟೆಯ ಬಲಗಡೆ ಇಟ್ಟಿದ್ದಾರೆ. ಹಾಗಾಗಿ ಆ ಗ್ರಂಥಿಗಳು ಅಲ್ಲೇ ಇವೆ, ಎಬ್ಬಿಸಬೇಕು ಅಷ್ಟೇ. ಎಂಟು ತಿಂಗಳ ಹಿಂದೆ ನಡೆದದ್ದಕ್ಕೆ ಅರ್ಥ ಸಿಕ್ಕಿದ್ದು ಆ ಶನಿವಾರ. ಆ ಅರ್ಥ ಮೊದಲೇ ಯಾರಾದರೂ ಹೇಳಿದ್ದರೆ ನಾನು ಬಿಡುತ್ತಿರಲಿಲ್ಲ, ಅಲ್ವಾ?

ಇಳಿಸುವ ಮೊದಲು ಉಳಿದ ಎರಡು ಔಷಧಿ ಸರಿಯಾಗಿ ಕೆಲಸ ಮಾಡುತ್ತಿವೆಯಾ ನೋಡಿದರು. ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೊಟೀನ್. ಎಲ್ಲ ಬಂದ ಮೇಲೆ 15ರಿಂದ 12.5. ನಾಲ್ಕು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ, ಸರಿ ಇದ್ದರೆ 10. ಹತ್ತರ ಕೆಳಗೆ ಇನ್ನೂ ನಿಧಾನ, ಪ್ರತಿ ಮೆಟ್ಟಿಲಿಗೆ ಎರಡೆರಡು ತಿಂಗಳು. ಎರಡೂವರೆಯ ಮಾತ್ರೆ ನಮ್ಮ ಅಂಗಡಿಯಲ್ಲಿ ಸಿಗಲಿಲ್ಲ. 5ರ ಮಾತ್ರೆ ಅರ್ಧ ಮಾಡಬೇಕಿತ್ತು. ನಾನು ದಾರ ಕತ್ತರಿಸುವ ಬ್ಲೇಡಿನಲ್ಲಿ ಮಾಡಲು ಹೋಗಿ ಪುಡಿಯಾಯಿತು. ಅಲ್ಲಿನ ಸಿಸ್ಟರ್ ಮಾತ್ರೆ ಕತ್ತರಿಸುವ ಸಣ್ಣ ಡಬ್ಬಿ ತೋರಿಸಿ, ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ ತೆಗೆದುಕೊಳ್ಳಿ ಎಂದರು. ಸಣ್ಣ ವಿಷಯ, ಆದರೆ ಅರ್ಧ ಮಾತ್ರೆ ಹೋಗಿ ಮುಕ್ಕಾಲು ಆಗಬಾರದಲ್ಲ.

ಮೇ ತಿಂಗಳಲ್ಲಿ ಒಂದು ಗಾಬರಿಯಾಯಿತು. 7.5ಕ್ಕೆ ಬಂದು ಮೂರು ವಾರ ಆಗಿತ್ತು. ಕ್ರಿಯಾಟಿನಿನ್ 1.3 ಇದ್ದದ್ದು 1.6 ಆಯಿತು. ನನ್ನ ಕೈಕಾಲು ತಣ್ಣಗಾದವು. ಮತ್ತೆ ರಿಜೆಕ್ಷನ್, ನನ್ನ ಮುಖದ ಆಸೆಗೆ ಅಕ್ಕನ ಕಿಡ್ನಿ ಹೋಯಿತು ಎಂದುಕೊಂಡೆ. ರಾತ್ರಿ ಮೇಡಂಗೆ ಮೆಸೇಜ್ ಮಾಡಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. ಸ್ಟೆರಾಯ್ಡ್ ಈಗ ಎಷ್ಟಿದೆಯೋ ಅಷ್ಟೇ ಇರಲಿ, ಏರಿಸುವುದೂ ಬೇಡ, ಇಳಿಸುವುದೂ ಬೇಡ, ನೀರು ಕುಡಿಯಿರಿ, ನಾಳೆ ಬೆಳಗ್ಗೆ ಟ್ಯಾಕ್ರೊಲಿಮಸ್ ಮಟ್ಟಕ್ಕೆ ರಕ್ತ ಕೊಡಿ ಎಂದರು. ರಿಪೋರ್ಟ್ 9.8 ಬಂತು. ಮೊದಲು ನನಗೆ 6ರ ಆಸುಪಾಸು ಇರುತ್ತಿತ್ತು. ಸ್ಟೆರಾಯ್ಡ್ ಇದ್ದಾಗ ಲಿವರ್ ಟ್ಯಾಕ್ರೊಲಿಮಸನ್ನು ಬೇಗ ಕರಗಿಸಿ ಹೊರಹಾಕುತ್ತದಂತೆ. ಸ್ಟೆರಾಯ್ಡ್ ಇಳಿದಾಗ ಅದೇ ಡೋಸಿಗೆ ಮಟ್ಟ ಏರುತ್ತದೆ. ಜಾಸ್ತಿಯಾದ ಟ್ಯಾಕ್ರೊಲಿಮಸ್ ತಾನೇ ಕಿಡ್ನಿಗೆ ತೊಂದರೆ ಕೊಡುತ್ತದೆ. ಜೊತೆಗೆ ಬಿಸಿಲಿಗೆ ನಾನು ನೀರು ಕುಡಿದದ್ದೂ ಸಾಲದು. ಆ ವಾರ ಸೂಜಿಗೆ ದಾರ ಪೋಣಿಸುವಾಗ ಕೈ ನಡುಗುತ್ತಿತ್ತು, ಅದೂ ಅದರದ್ದೇ ಲಕ್ಷಣ. ಟ್ಯಾಕ್ರೊಲಿಮಸ್ ಸ್ವಲ್ಪ ಕಡಿಮೆ ಮಾಡಿದರು. ಎರಡು ವಾರದಲ್ಲಿ ಕ್ರಿಯಾಟಿನಿನ್ ಮತ್ತೆ 1.3. ಕೈ ನಡುಕವೂ ನಿಂತಿತು. ಯಾರಾದರೂ ಗಾಬರಿಯಲ್ಲಿ ಸ್ಟೆರಾಯ್ಡ್ ಏರಿಸಿದ್ದರೆ ಎಲ್ಲ ಮೊದಲಿಗೆ ಹೋಗುತ್ತಿತ್ತು.

ಆಗಸ್ಟಿನಲ್ಲಿ 5ಕ್ಕೆ ಬಂದೆ. ಈಗಲೂ 5, ಬೆಳಗ್ಗೆ ತಿಂಡಿ ಆದ ಮೇಲೆ ಒಂದೇ ಸಲ. ಊಟದ ನಂತರದ ಶುಗರ್ 150ರ ಒಳಗೆ ಬಂದಿದೆ. ಬಿಪಿ ಮಾತ್ರೆ ಎರಡಿತ್ತು, ಒಂದಾಗಿದೆ. ರಾತ್ರಿ ನಿದ್ದೆ ಬರುತ್ತಿದೆ. ಮುಖ ಪೂರ್ತಿ ಮೊದಲಿನಂತೆ ಆಗಿಲ್ಲ, ಆದರೆ ಕೆನ್ನೆಯ ಮೂಳೆ ಕಾಣುತ್ತದೆ. ಮಧ್ಯರಾತ್ರಿಯ ಹಸಿವು ಹೋಗಿದೆ.

ಈ ಕ್ಲಿನಿಕ್ಕಿನಲ್ಲಿ ಇನ್ನೊಂದು ಒಳ್ಳೆಯ ಕೆಲಸ ಮಾಡುತ್ತಾರೆ. ಒಂದು ಕಾರ್ಡು ಕೊಡುತ್ತಾರೆ, ಆಧಾರ್ ಕಾರ್ಡಿನ ಅಳತೆಯದು. ಕನ್ನಡದಲ್ಲಿ, ಹಿಂದೆ ತೆಲುಗಿನಲ್ಲಿ. "ನನಗೆ ಕಿಡ್ನಿ ಕಸಿ ಆಗಿದೆ. ದಿನಾ ಸ್ಟೆರಾಯ್ಡ್ ತೆಗೆದುಕೊಳ್ಳುತ್ತೇನೆ. ತಟ್ಟನೆ ನಿಲ್ಲಿಸಬಾರದು. ಜೋರು ಜ್ವರ, ವಾಂತಿ, ಅಪಘಾತ, ಆಪರೇಷನ್ ಇದ್ದರೆ ಡೋಸು ಹೆಚ್ಚು ಬೇಕಾಗಬಹುದು." ಕೆಳಗೆ ಡಾಕ್ಟರ್ ನಂಬರು. ಬಳ್ಳಾರಿಯಲ್ಲಿ ಗುಂತಕಲ್, ಆದೋನಿ ಕಡೆಯ ರೋಗಿಗಳೂ ಬರುತ್ತಾರೆ, ಅದಕ್ಕೇ ತೆಲುಗು. ನಾನು ಅದನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ, ಒಂದು ಪ್ರತಿ ಹೆಂಡತಿಯ ಪರ್ಸಿನಲ್ಲಿದೆ.

ಮೂಳೆಯ ಪರೀಕ್ಷೆ, ಕಣ್ಣಿನ ಪರೀಕ್ಷೆ ಎರಡನ್ನೂ ಅವರೇ ನೆನಪಿಟ್ಟು ಮಾಡಿಸಿದರು. ಕಾಯುವ ಸಾಲಿನಲ್ಲಿ ಸಿರುಗುಪ್ಪದ ಒಬ್ಬ ಅಣ್ಣ ಪರಿಚಯವಾದರು. ಅವರಿಗೆ ಸೊಂಟದ ಕೀಲಿಗೆ ರಕ್ತ ಸರಿಯಾಗಿ ಹೋಗದೆ ಮೂಳೆ ಸವೆದಿದೆ, ಕೋಲು ಹಿಡಿದು ನಡೆಯುತ್ತಾರೆ. ಅದಕ್ಕೂ ಸ್ಟೆರಾಯ್ಡ್ ಒಂದು ಕಾರಣ. ತೊಡೆಸಂದಿ ನೋವು ಬಂದಾಗ ವಾಯು ಎಂದು ನೋವಿನ ಮಾತ್ರೆ ನುಂಗಿದ್ದರಂತೆ. ಕಸಿ ಆದವರು ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ತಾವಾಗಿಯೇ ನುಂಗಬಾರದು, ಕಿಡ್ನಿಗೆ ಹೊಡೆತ. ತೊಡೆಸಂದಿ ನೋವು ಬಂದರೆ ತಡ ಮಾಡದೆ ಡಾಕ್ಟರಿಗೆ ಹೇಳಿ.

ಇನ್ನು ಕೊರತೆಗಳು. ಇವನ್ನು ಮೇಡಂಗೆ ನೇರವಾಗಿಯೂ ಹೇಳಿದ್ದೇನೆ.

ಕಾಯುವ ಜಾಗ ಬಹಳ ಸಣ್ಣದು. ಹನ್ನೆರಡು ಕುರ್ಚಿ, ನಲವತ್ತು ಜನ. ಕೆಮ್ಮುವವರ ಪಕ್ಕದಲ್ಲೇ ಕಸಿ ಆದವರು ಕೂರಬೇಕು. ನಮ್ಮ ರೋಗ ತಡೆಯುವ ಶಕ್ತಿಯನ್ನು ಔಷಧಿ ಕೊಟ್ಟೇ ಇಳಿಸಿರುತ್ತಾರೆ. ನಮ್ಮನ್ನು ಹೀಗೆ ಕೂರಿಸುವುದು ತಪ್ಪು. ನಾನು ಮಾಸ್ಕ್ ಹಾಕಿಕೊಂಡು ಹೊರಗೆ ಬೇವಿನ ಮರದ ಕೆಳಗೆ ನಿಲ್ಲುತ್ತೇನೆ. ಕಸಿ ಆದವರಿಗೆ ಬೆಳಗಿನ ಮೊದಲ ಒಂದು ಗಂಟೆ ಬೇರೆ ಇಡಿ ಎಂದು ಕೇಳಿದ್ದೇವೆ. ಇನ್ನೂ ಆಗಿಲ್ಲ. ಹಂಪಿ ಎಕ್ಸ್‌ಪ್ರೆಸ್ ತಡವಾದರೆ ಕ್ಲಿನಿಕ್ ಕೂಡ ತಡ, ಮುಂಚೆ ಹೇಳುವವರಿಲ್ಲ. ಕೊಪ್ಪಳದಿಂದ, ರಾಯಚೂರಿನಿಂದ ಬಂದವರು ಬೆಳಗ್ಗೆ ಏಳಕ್ಕೇ ಬಂದು ಕೂತಿರುತ್ತಾರೆ. ಒಂದು ಮೆಸೇಜ್ ಹಾಕಿದರೆ ಸಾಕು.

ಲ್ಯಾಬ್ ವಿಷಯದಲ್ಲಿ ಹುಷಾರಾಗಿರಬೇಕು. ಟ್ಯಾಕ್ರೊಲಿಮಸ್ ಮಟ್ಟ ನೋಡಲು ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಬೇಕು, ರಾತ್ರಿಯ ಮಾತ್ರೆಯಾಗಿ ಹನ್ನೆರಡು ಗಂಟೆ ಆಗಿರಬೇಕು. ಮನೆಗೆ ಬಂದು ರಕ್ತ ತೆಗೆಯುವ ಒಬ್ಬ ಹುಡುಗ ಒಮ್ಮೆ ಎಂಟಕ್ಕೆ ಬರುತ್ತೇನೆ ಎಂದು ಹತ್ತೂವರೆಗೆ ಬಂದ. ಅಷ್ಟರಲ್ಲಿ ನಾನು ಮಾತ್ರೆ ನುಂಗಿದ್ದೆ. ಪರವಾಗಿಲ್ಲ ಎಂದು ತೆಗೆದುಕೊಂಡು ಹೋದ. ಮಟ್ಟ 17 ಎಂದು ಬಂತು. ಮೇಡಂ ಮೊದಲು ಕೇಳಿದ್ದೇ "ರಕ್ತ ಎಷ್ಟು ಗಂಟೆಗೆ ಕೊಟ್ಟಿರಿ, ಮಾತ್ರೆ ಎಷ್ಟು ಗಂಟೆಗೆ ನುಂಗಿದಿರಿ?" ಎಂದು. ಆ ರಿಪೋರ್ಟ್ ಬದಿಗಿಟ್ಟು ಮತ್ತೆ ಮಾಡಿಸಿದರು. ಸ್ಯಾಂಪಲ್ ಬೆಂಗಳೂರಿಗೆ ಹೋಗುತ್ತದೆ, ರಿಪೋರ್ಟಿಗೆ ಎರಡು ಮೂರು ದಿನ. ದುಡ್ಡೂ ಕಡಿಮೆ ಅಲ್ಲ, ಎರಡು ಸಾವಿರದ ಮೇಲೆ. ಅದಕ್ಕೇ ನಾನೀಗ ರಕ್ತದ ಟ್ಯೂಬಿನ ಮೇಲೆ ಎರಡೂ ಟೈಮು ಬರೆಸಿಯೇ ಕಳಿಸುತ್ತೇನೆ.

ಮೆಡಿಕಲ್ ಶಾಪಿನವರ ಬಗ್ಗೆಯೂ ಒಂದು ಮಾತು. ಕ್ಲಿನಿಕ್ ಪಕ್ಕದ ಅಂಗಡಿಯವರು ನನ್ನ ಟ್ಯಾಕ್ರೊಲಿಮಸ್ ಕಂಪನಿ ಬದಲಿಸುವುದಿಲ್ಲ. ಸ್ಟಾಕ್ ಇಲ್ಲದಿದ್ದರೆ ಎರಡು ದಿನ ಮೊದಲೇ ಫೋನ್ ಮಾಡುತ್ತಾರೆ. ಬೇರೊಂದು ಕಡೆ ಹಿಂದೆ ಕೇಳದೇ ಬೇರೆ ಕಂಪನಿಯದು ಕೊಟ್ಟಿದ್ದರು, ಎಲ್ಲ ಒಂದೇ ಎಂದು. ಈ ಮಾತ್ರೆಯಲ್ಲಿ ಕಂಪನಿ ಬದಲಾದರೆ ಮಟ್ಟ ಮತ್ತೆ ನೋಡಬೇಕು. ಸ್ಟೆರಾಯ್ಡ್ ಕಡಿಮೆ ಇರುವವರಿಗಂತೂ ಉಳಿದ ಎರಡರ ಮೇಲೆಯೇ ಭಾರ ಇರುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಕಾಯುವ ಜಾಗಕ್ಕೆ. ಡಾಕ್ಟರಿಗೆ ಮಾತ್ರ ಕೊಡುವುದಾದರೆ ಐದಕ್ಕೆ ಐದು. ಅದೂ ಇಳಿಸಿದ್ದಕ್ಕೆ ಮಾತ್ರ ಅಲ್ಲ. ನಾನು ಗೋಗರೆದರೂ ಸೊನ್ನೆ ಮಾಡದೆ 5ರಲ್ಲಿ ನಿಲ್ಲಿಸಿದ್ದಕ್ಕೆ, ಮತ್ತೆ ಯಾಕೆ ಎಂದು ಒಬ್ಬ ಟೈಲರ್‌ಗೆ ತಿಳಿಯುವ ಹಾಗೆ ಚೀಟಿಯ ಹಿಂದೆ ಬರೆದು ಕೊಟ್ಟಿದ್ದಕ್ಕೆ.

ಹೋಗುವವರು ಹಳೇ ಚೀಟಿಗಳನ್ನೆಲ್ಲ ಒಯ್ಯಿರಿ, ಡಿಸ್ಚಾರ್ಜ್ ಸಮ್ಮರಿ ಮರೆಯಬೇಡಿ. ಮಾತ್ರೆಗಳ ಪಟ್ಟಿಯನ್ನೇ ಒಯ್ದರೆ ಇನ್ನೂ ಒಳ್ಳೆಯದು, ಹೆಸರು ಹೇಳುವಾಗ ನಾವು ತಪ್ಪುತ್ತೇವೆ. ಬೆಳಗ್ಗೆ ಹತ್ತರ ಒಳಗೆ ಟೋಕನ್ ತೆಗೆದುಕೊಳ್ಳಿ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ಇಳಿಸಬೇಡಿ. ನನ್ನ ಲೆಕ್ಕ ನನ್ನ ಕಿಡ್ನಿಗೆ ಮಾಡಿದ್ದು.

ಮುಂದಿನ ತಿಂಗಳು ನನ್ನ ಎಡಗಣ್ಣಿನ ಪೊರೆ ಆಪರೇಷನ್ ಇದೆ. ಆ ಪೊರೆ ಸ್ಟೆರಾಯ್ಡಿನಿಂದ ಬಂದದ್ದು, ಡೋಸು ಇಳಿದರೂ ಅದು ಹಿಂದೆ ಹೋಗುವುದಿಲ್ಲ. ಕಣ್ಣಿನ ಡಾಕ್ಟರಿಗೆ ಮೇಡಂ ಪತ್ರ ಬರೆದಿದ್ದಾರೆ. ಯಾವ ಮಾತ್ರೆ ಎಷ್ಟು, ಆಪರೇಷನ್ ದಿನ ಬೆಳಗ್ಗೆ ಸ್ಟೆರಾಯ್ಡ್ ತಪ್ಪಿಸಬಾರದು, ಯಾವ ನೋವಿನ ಮಾತ್ರೆ ಕೊಡಬಾರದು, ಎಲ್ಲ ಅದರಲ್ಲಿದೆ. ಪತ್ರವನ್ನು ಅಳತೆ ಪುಸ್ತಕದಲ್ಲಿ ನನ್ನ ಹಾಳೆಯ ನಡುವೆ ಇಟ್ಟಿದ್ದೇನೆ.